ದೇವನಹಳ್ಳಿ ಕಡೆಯ ವಿಜಯಪುರ ರಸ್ತೆಯ ಡರ್ಟ್ ಬೈಕ್ ಟ್ರ್ಯಾಕ್ ಈ ಆಷಾಢ ದಾಟುತ್ತಾ?

ಕೆಂಪುಧೂಳು
ಭಾನುವಾರ, ರಾತ್ರಿ 9:10

ಇವತ್ತು ಟ್ರ್ಯಾಕ್‌ಗೆ ಬಂದವರು ನೋಡಿರುತ್ತೀರಿ. ಬಡಗಲ ಬೇಲಿಯಿಂದ ತೆಂಕಲ ಬೇಲಿಯವರೆಗೆ ಅಡ್ಡಕ್ಕೆ ಸುಣ್ಣದ ಗೆರೆ ಎಳೆದಿದ್ದಾರೆ. ಎರಡು ತುದಿಗೂ ಹೊಸ ಕಲ್ಲು ನೆಟ್ಟಿದ್ದಾರೆ. ಗೆರೆ ಸರಿಯಾಗಿ ಎರಡನೇ ಟೇಬಲ್‌ಟಾಪ್‌ನ, ಅಂದರೆ ಚಪ್ಪಟೆ ತಲೆಯ ಜಂಪ್ ದಿಬ್ಬದ, ನೆತ್ತಿ ಮೇಲೆ ಹೋಗಿದೆ. ಒಬ್ಬ ಹುಡುಗ ಜಂಪ್ ಹೊಡೆದು ಬಂದು, "ಅಂಕಲ್, ಚಿಕ್ಕ ಗೌಡ್ರ ಜಮೀನಲ್ಲಿ ಎದ್ದು ದೊಡ್ಡ ಗೌಡ್ರ ಜಮೀನಲ್ಲಿ ಇಳಿದೆ" ಎಂದ. ಎಲ್ಲರೂ ನಕ್ಕೆವು. ಆಮೇಲೆ ಯಾರೂ ಮಾತಾಡಲಿಲ್ಲ.

ವಿಷಯ ಇಷ್ಟು. ಜಮೀನಿನ ಮಾಲೀಕರು, ಅಣ್ಣ ದೊಡ್ಡ ಗೌಡ್ರು, ತಮ್ಮ ಚಿಕ್ಕ ಗೌಡ್ರು, ಭಾಗ ಆಗುತ್ತಿದ್ದಾರೆ. ಒಟ್ಟು ಆರೂವರೆ ಎಕರೆ. ರಸ್ತೆ ಕಡೆಯ ಅರ್ಧ ತಮ್ಮನಿಗೆ. ಅದನ್ನು ಲೇಔಟ್‌ನವರು ಕೇಳಿದ್ದಾರಂತೆ, ಟೋಕನ್ ಇನ್ನೂ ತೆಗೆದುಕೊಂಡಿಲ್ಲವಂತೆ. ಹಿಂದಿನ ಅರ್ಧ ಅಣ್ಣನಿಗೆ. ಅವರು ನಮ್ಮ ಪರ. ಆದರೆ ಅಲ್ಲಿಗೆ ಹೋಗುವ ದಾರಿಯೇ ತಮ್ಮನ ಜಮೀನಿನ ಮೇಲೆ.

ಇದು ಸಾಲದು ಎಂಬಂತೆ, ಪೂರ್ವಕ್ಕಿರುವ ಹಿಪ್ಪುನೇರಳೆ ತೋಟದವರು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾರೆ. ಧೂಳು, ಸದ್ದು. ದೊಡ್ಡ ಗೌಡ್ರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು: "ಆಷಾಢ ಕಳೀಲಿ, ಶ್ರಾವಣದಲ್ಲಿ ಕೂತ್ಕೊಂಡು ಮಾತಾಡೋಣ. ಅಲ್ಲೀವರ್ಗೂ ಓಡಿಸ್ಕೊಳ್ಳಿ. ಆದ್ರೆ ತೋಟದೋರಿಂದ ಇನ್ನೊಂದು ಮಾತು ಬರಬಾರ್ದು."

ಹೊಸಬರಿಗೆ ಹೇಳುತ್ತೇನೆ. ಇದು ನೀಲಗಿರಿ ಕಿತ್ತ ಜಮೀನು. ಒಂಬತ್ತು ವರ್ಷದ ಹಿಂದೆ ಮರ ಕಡಿದು ಮಾರಿದ್ದರು, ಬೊಡ್ಡೆ ಹಾಗೇ ಇದ್ದವು. ಕೀಳಿಸಲು ಜೆಸಿಬಿ ಬಾಡಿಗೆ ಯಾರು ಕೊಡಬೇಕು ಎಂದು ಗೌಡ್ರು ಯೋಚನೆ ಮಾಡುತ್ತಿದ್ದರು. ನಾವು ಏಳು ಜನ ಸೇರಿ ಕೊಟ್ಟೆವು. "ಬೊಡ್ಡೆ ಕೀಳಿಸಿಕೊಡಿ, ಬೇಕಾದಷ್ಟು ದಿನ ಓಡಿಸ್ಕೊಳ್ಳಿ" ಎಂದರು. ಅಷ್ಟೇ ಒಪ್ಪಂದ. ಕಾಗದ ಇಲ್ಲ, ಪತ್ರ ಇಲ್ಲ. ಹಬ್ಬಕ್ಕೆ ಒಂದು ಬಟ್ಟೆ, ವರ್ಷಕ್ಕೆ ಒಂದಿಷ್ಟು ಹಣ. ಮಿಕ್ಕಿದ್ದೆಲ್ಲ ಬಾಯಿಮಾತು.

ಏನು ಮಾಡೋಣ ಹೇಳಿ.

ಎಕ್ಸ್‌ಪಲ್ಸ್_ವೀಕೆಂಡ್
ಭಾನುವಾರ, ರಾತ್ರಿ 9:32

ಆನ್‌ಲೈನ್ ಅರ್ಜಿ ಹಾಕೋಣ ಗುರು. ಹತ್ತು ಸಾವಿರ ಸಹಿ ಆರಾಮಾಗಿ ಆಗುತ್ತದೆ. ವಿಡಿಯೊ ನಾನು ಮಾಡುತ್ತೇನೆ, ಡ್ರೋನ್ ಇದೆ.

ಕೆಂಪುಧೂಳು
ಭಾನುವಾರ, ರಾತ್ರಿ 9:35

ಅರ್ಜಿ ಯಾರಿಗೆ? ಗೌಡ್ರ ತಮ್ಮನಿಗಾ? ಅವರ ಜಮೀನು, ಅವರು ಮಾರುತ್ತಾರೆ. ಹತ್ತು ಸಾವಿರ ಜನ ಸಹಿ ಹಾಕಿ ಬೇಡ ಎಂದರೆ ನಾನಾಗಿದ್ದರೆ ಇನ್ನೂ ಬೇಗ ಮಾರುತ್ತಿದ್ದೆ.

ಆರ್‌ಎಕ್ಸ್_ಗುರು
ಭಾನುವಾರ, ರಾತ್ರಿ 10:04

ನನಗೆ ಇದು ನಾಲ್ಕನೇ ಸಲ. ಅದಕ್ಕೇ ಅಷ್ಟು ಬೇಜಾರಿಲ್ಲ. ಸುಳ್ಳು, ಇದೆ.

ತೊಂಬತ್ತರ ದಶಕದ ಕೊನೆಯಲ್ಲಿ ಕೋಗಿಲು ಕಡೆ ಖಾಲಿ ಬಯಲಿತ್ತು. ಯಮಹಾ ಆರ್‌ಎಕ್ಸ್ 135ಕ್ಕೆ ಹಿಂದಿನ ಚೈನ್ ಸ್ಪ್ರಾಕೆಟ್ ದೊಡ್ಡದು ಹಾಕಿ, ಮಡ್‌ಗಾರ್ಡ್ ಮೇಲೆತ್ತಿ, ಸುಜುಕಿ ಶೋಗನ್ ಹುಡುಗರ ಜೊತೆ ಜಿದ್ದಿಗೆ ಬಿದ್ದು ಓಡಿಸುತ್ತಿದ್ದೆವು. ಮಣ್ಣು ಕಚ್ಚುವ ದೊಡ್ಡ ಉಬ್ಬುಗಳ ನಾಬಿ ಟೈರ್ ಸಿಗುತ್ತಿರಲಿಲ್ಲ, ಇದ್ದ ಟೈರನ್ನೇ ಬ್ಲೇಡಿನಲ್ಲಿ ಕೊಯ್ದು ಉಬ್ಬು ಮಾಡಿಕೊಳ್ಳುತ್ತಿದ್ದೆವು. ಆ ಬಯಲು ಸೈಟುಗಳಾಯಿತು. ಬಾಗಲೂರು ಕಡೆ ಹೋದೆವು. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ತೆರೆದ ಮೇಲೆ ಅಲ್ಲೂ ಬೇಲಿ ಬಿತ್ತು. ಆಮೇಲೆ ದೊಡ್ಡಬಳ್ಳಾಪುರ ರಸ್ತೆ. ಅಲ್ಲಿ ಮಾಲೀಕರು ಯಾರೆಂದೇ ಗೊತ್ತಿರಲಿಲ್ಲ. ಒಂದು ದಿನ ಗೊತ್ತಾಯಿತು.

ಬೆಂಗಳೂರು ಬೆಳೆದ ಹಾಗೆ ನಾವು ಅದರ ಅಂಚಿನಲ್ಲಿ ಓಡುತ್ತಾ ಬಂದಿದ್ದೇವೆ. ಈಗ ಸ್ಯಾಟಲೈಟ್ ರಿಂಗ್ ರೋಡ್ ಬೇರೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆ, ಹೊಸಕೋಟೆ ಎಲ್ಲ ಒಂದೇ ಉಂಗುರ. ಅದರ ಆಸುಪಾಸಿನಲ್ಲಿ ಆರೂವರೆ ಎಕರೆಯನ್ನು ನಾವು ಹಾರಾಡಲಿ ಎಂದು ಯಾರು ಬಿಡುತ್ತಾರೆ ಹೇಳಿ.

ಟೇಬಲ್‌ಟಾಪ್_ಮಗ
ಭಾನುವಾರ, ರಾತ್ರಿ 10:20

2024ರ ಫೆಬ್ರವರಿಯಲ್ಲಿ ಚಿಕ್ಕಜಾಲದಲ್ಲಿ ಸೂಪರ್‌ಕ್ರಾಸ್ ಬೈಕ್ ರೇಸ್ ಲೀಗ್ ಫೈನಲ್ ಆಯ್ತಲ್ಲ, ಎಷ್ಟು ಜನ! ಕೂಗು ಕೇಳಬೇಕಿತ್ತು. ಅಂಥದ್ದು ನಡೆಸಲು ಊರಲ್ಲಿ ಜಾಗ ಇದೆ, ವಾರಾವಾರ ಅಭ್ಯಾಸ ಮಾಡಲು ಇಲ್ಲ ಎಂದರೆ ಏನರ್ಥ?

ಆರ್‌ಎಕ್ಸ್_ಗುರು
ಭಾನುವಾರ, ರಾತ್ರಿ 10:26

ಅದು ಒಂದು ರಾತ್ರಿಗೆ ಕಟ್ಟಿದ ಟ್ರ್ಯಾಕ್ ಮಗಾ. ಮದುವೆ ಚಪ್ಪರಕ್ಕೂ ಮನೆಗೂ ವ್ಯತ್ಯಾಸ ಇಲ್ವಾ?

ಪಹಣಿ_ಪುರಾಣ
ಸೋಮವಾರ, ಬೆಳಿಗ್ಗೆ 7:15

ಜಮೀನಿನ ಕಾಗದ ನೋಡುವುದೇ ನನ್ನ ಕೆಲಸ. ಬೈಕ್ ಓಡಿಸಲು ಬರುವುದಿಲ್ಲ, ಮಗನನ್ನು ಕರೆದುಕೊಂಡು ಬಂದು ಹುಣಸೆ ಮರದ ಕೆಳಗೆ ಕೂರುತ್ತೇನೆ. ಒಂದೆರಡು ಮಾತು.

"ಗೌಡ್ರ ಹತ್ತಿರ ಲೀಸ್ ಬರೆಸಿಕೊಂಡಿದ್ದರೆ ಆಗುತ್ತಿತ್ತು" ಎಂದು ಇವತ್ತು ಯಾರಾದರೂ ಹೇಳೇ ಹೇಳುತ್ತಾರೆ. ಆಗುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ ವ್ಯವಸಾಯದ ಜಮೀನನ್ನು ಗೇಣಿಗೆ, ಲೀಸ್‌ಗೆ ಕೊಡುವಂತಿಲ್ಲ. 1961ರ ಭೂ ಸುಧಾರಣೆ ಕಾಯ್ದೆಯ 5ನೇ ಸೆಕ್ಷನ್. ಸೈನಿಕರು, ನಾವಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಅದಕ್ಕೇ ಹಳ್ಳಿಯಲ್ಲಿ ಎಲ್ಲ ಬಾಯಿಮಾತಿನಲ್ಲಿ ನಡೆಯುವುದು. ಗೌಡ್ರು ಕಾಗದ ಕೊಡದಿದ್ದಕ್ಕೆ ಅವರನ್ನು ಅನುಮಾನಿಸಬೇಡಿ. "ಉಳುವವನಿಗೆ ಜಮೀನು ಹೋದೀತು" ಎಂಬ ಹಳೇ ಭಯ ಆ ವಯಸ್ಸಿನವರಿಗೆ ಇನ್ನೂ ಇದೆ. ನಾವು ಉಳುವುದೂ ಇಲ್ಲ, ಬರೀ ಧೂಳೆಬ್ಬಿಸುತ್ತೇವೆ, ಅದು ಬೇರೆ ಮಾತು.

ಸರಿಯಾದ ದಾರಿ ಎಂದರೆ ಭೂಪರಿವರ್ತನೆ. ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್, ಜಿಲ್ಲಾಧಿಕಾರಿ ಆದೇಶ, ಶುಲ್ಕ. ಮಾಸ್ಟರ್ ಪ್ಲಾನ್‌ನಲ್ಲಿ ಆ ಸರ್ವೆ ನಂಬರ್ ಯಾವ ಬಣ್ಣದಲ್ಲಿದೆ, ಅಂದರೆ ಯಾವ ಬಳಕೆಗೆ ಗುರುತಾಗಿದೆ ಎಂದೂ ನೋಡಬೇಕು. ಅಷ್ಟೆಲ್ಲ ಖರ್ಚು ಮಾಡಿ ಪರಿವರ್ತನೆ ಮಾಡಿಸಿದ ಮೇಲೆ ಯಾವ ಮಾಲೀಕ ಅದನ್ನು ಟ್ರ್ಯಾಕ್ ಆಗಿ ಇಟ್ಟುಕೊಳ್ಳುತ್ತಾನೆ? ಸೈಟು ಮಾಡುತ್ತಾನೆ.

ದಾರಿ ವಿಷಯ: ಭಾಗ ಆದಾಗ ಹಿಂದಿನ ಪಾಲಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಮುಂದಿನ ಪಾಲಿನ ಮೇಲೆ ಹಾದುಹೋಗುವ ಹಕ್ಕು ಕಾನೂನಿನಲ್ಲೇ ಇದೆ. 1882ರ ಈಸ್ಮೆಂಟ್ ಕಾಯ್ದೆ. ಆದರೂ ವಿಭಾಗ ಪತ್ರದಲ್ಲಿ ಇಷ್ಟು ಅಡಿ ದಾರಿ ಎಂದು ಬರೆಸಲು ದೊಡ್ಡ ಗೌಡ್ರಿಗೆ ಈಗಲೇ ಹೇಳಿ. ಎತ್ತಿನ ಗಾಡಿಗೆ ಬಿಡುವ ದಾರಿಯಲ್ಲಿ ಭಾನುವಾರ ನಲವತ್ತು ಬೈಕು, ಹನ್ನೆರಡು ಪಿಕಪ್ ಹೋದರೆ ತಮ್ಮ ಸುಮ್ಮನಿರುತ್ತಾರಾ ಎಂಬುದು ಕಾನೂನಿನ ಪ್ರಶ್ನೆ ಅಲ್ಲ.

ಬರೀ_ಓದುಗ
ಸೋಮವಾರ, ಬೆಳಿಗ್ಗೆ 9:48

ನನಗೆ ಬೈಕ್ ಗೀಕ್ ಗೊತ್ತಿಲ್ಲ. ಒಂದು ಪ್ರಶ್ನೆ. ಲೈಸೆನ್ಸ್ ಇಲ್ಲದ ಮಕ್ಕಳು ಅಲ್ಲಿ ಓಡಿಸುವುದು ತಪ್ಪಲ್ಲವೇ?

ಪಹಣಿ_ಪುರಾಣ
ಸೋಮವಾರ, ಬೆಳಿಗ್ಗೆ 10:02

ವಯಸ್ಸಿನ ಮಿತಿ ಇರುವುದು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದಕ್ಕೆ. ಬೇಲಿ ಹಾಕಿದ ಖಾಸಗಿ ಜಮೀನು ಬೇರೆ. ಆದರೆ ಗೇಟಿನಿಂದ ಟೀ ಅಂಗಡಿಗೆ ಇನ್ನೂರು ಅಡಿ ಓಡಿಸಿದರೂ ಅದು ರಸ್ತೆ. 2019ರ ತಿದ್ದುಪಡಿ ಆದ ಮೇಲೆ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಇದೆ. ಮಕ್ಕಳ ಬೈಕ್ ಪಿಕಪ್‌ನಲ್ಲಿ ಬರಲಿ, ಪಿಕಪ್‌ನಲ್ಲೇ ಹೋಗಲಿ.

ಇನ್ನೊಂದು. ನಿಮ್ಮ ಬೈಕಿನ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ. ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಬಳಸಿದರೆ ಅನ್ವಯಿಸುವುದಿಲ್ಲ ಎಂದು ಬರೆದಿರುತ್ತದೆ.

ಎಕ್ಸ್‌ಪಲ್ಸ್_ವೀಕೆಂಡ್
ಸೋಮವಾರ, ಮಧ್ಯಾಹ್ನ 1:30

ಟ್ರ್ಯಾಕ್ ಹೋದರೆ ಹುಡುಗರೆಲ್ಲ ಏರ್‌ಪೋರ್ಟ್ ರಸ್ತೆಯಲ್ಲಿ ಮುಂದಿನ ಚಕ್ರ ಎತ್ತಿ ವೀಲಿ ಮಾಡುತ್ತಾರೆ. ಈ ಮಾತನ್ನು ಪೊಲೀಸರಿಗೆ, ಪೇಪರ್‌ನವರಿಗೆ ತಲುಪಿಸಬೇಕು. ಆಗ ಯಾರಾದರೂ ಜಾಗ ಕೊಡುತ್ತಾರೆ.

ಮಗಳ_ಪಿಟ್_ಕ್ರೂ
ಸೋಮವಾರ, ಮಧ್ಯಾಹ್ನ 2:11

ದಯವಿಟ್ಟು ಆ ಮಾತು ಬೇಡ. ನನ್ನ ಮಗಳಿಗೆ ಹನ್ನೆರಡು. ಮೂರು ವರ್ಷದಿಂದ ಅಲ್ಲಿ ಓಡಿಸುತ್ತಾಳೆ. ಟ್ರ್ಯಾಕ್ ಹೋದರೆ ಅವಳು ರಸ್ತೆಗೆ ಹೋಗುವುದಿಲ್ಲ, ಓಡಿಸುವುದನ್ನೇ ಬಿಡುತ್ತಾಳೆ. ಅಷ್ಟೇ. "ಜಾಗ ಕೊಡದಿದ್ದರೆ ಪುಂಡಾಟ ಮಾಡುತ್ತೇವೆ" ಎಂದು ನಾವೇ ಹೇಳಿಕೊಂಡು ಓಡಾಡಿದರೆ ನಮ್ಮನ್ನು ಪುಂಡರೆಂದೇ ನೋಡುತ್ತಾರೆ, ಅಲ್ವಾ?

ವೀಲಿ ಹುಡುಗರಲ್ಲಿ ಎಷ್ಟು ಜನ ನಮ್ಮ ಟ್ರ್ಯಾಕ್‌ಗೆ ಬಂದಿದ್ದಾರೆ ಹೇಳಿ. ನಾನು ನೋಡಿದ್ದು ಇಬ್ಬರನ್ನು. ಮೊದಲ ವೂಪ್ಸ್‌ನಲ್ಲೇ, ಅಂದರೆ ಸಾಲು ಸಣ್ಣ ದಿಬ್ಬಗಳಲ್ಲೇ, ಬಿದ್ದು, ಬೂಟು ಗಾರ್ಡು ಎಲ್ಲ ಕಡ್ಡಾಯ ಎಂದಾಗ ತಿರುಗಿ ಬರಲಿಲ್ಲ.

ಇದೇ ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಹಾ ಬೈಕ್ ರ್ಯಾಲಿ ವಿಶ್ವಕಪ್ ಗೆದ್ದಾಗ ಎಲ್ಲರೂ ಸ್ಟೇಟಸ್ ಹಾಕಿಕೊಂಡರು. ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್ಯಾಲಿ ಪೂರ್ತಿ ಓಡಿಸಿ ಮುಗಿಸಿದ ಮೊದಲ ಭಾರತೀಯ ಆದಾಗಲೂ ಹಾಗೇ. ಅವರು ಎಲ್ಲಿ ಬಿದ್ದು ಎದ್ದು ಕಲಿತರು ಎಂದು ಯಾರೂ ಕೇಳಲಿಲ್ಲ. ಮಗಳು ಚಾಂಪಿಯನ್ ಆಗಲಿ ಎಂದು ನಾನು ಕರೆದುಕೊಂಡು ಬರುತ್ತಿಲ್ಲ. ಬಿದ್ದರೆ ಅಳದೆ ಮೊದಲು ಬೈಕ್ ಆಫ್ ಮಾಡಿ, ಹಿಂದೆ ಬರುವವರಿಗೆ ಕೈ ಎತ್ತುತ್ತಾಳೆ. ಅದನ್ನು ಶಾಲೆಯಲ್ಲಿ ಕಲಿಸಲಿಲ್ಲ.

ಹುಲ್ಲುಗಾವಲು_ಹಕ್ಕಿ
ಸೋಮವಾರ, ಸಂಜೆ 5:40

"ಬೇರೆ ಕಡೆ ಹೋಗೋಣ" ಎನ್ನುವವರಿಗೆ ಮುಂಚೆಯೇ ಹೇಳುತ್ತೇನೆ. ಹೆಸರಘಟ್ಟ ಹುಲ್ಲುಗಾವಲಿಗೆ ಬರಬೇಡಿ. ಅದು ಖಾಲಿ ಜಾಗ ಅಲ್ಲ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿವೆ. ನಾಬಿ ಟೈರ್ ಒಂದು ಸುತ್ತು ಹಾಕಿದರೆ ಆ ಗೆರೆ ಎರಡು ಮಳೆಗಾಲ ಹೋಗುವುದಿಲ್ಲ. ನಾನೂ ಡರ್ಟ್ ಬೈಕ್ ಇಟ್ಟುಕೊಂಡವನೇ, ವಿರೋಧಿ ಅಲ್ಲ.

ಟೇಬಲ್‌ಟಾಪ್_ಮಗ
ಸೋಮವಾರ, ಸಂಜೆ 6:02

ಬಿಟ್ಟುಹೋದ ಕಲ್ಲು ಕ್ವಾರಿಗಳು?

ಆರ್‌ಎಕ್ಸ್_ಗುರು
ಸೋಮವಾರ, ಸಂಜೆ 6:15

ಬೆಳ್ಳಳ್ಳಿ, ಮಿಟ್ಟಗಾನಹಳ್ಳಿ ಕ್ವಾರಿ ಗುಂಡಿಗೆ ಊರಿನ ಕಸ ತುಂಬಿದರು. ಮಿಕ್ಕ ಗುಂಡಿಗಳಲ್ಲಿ ನೀರು. ಕಲ್ಲಿನ ಮೇಲೆ ಬಿದ್ದರೆ ಕೊರಳೆಲುಬು ಒಂದಕ್ಕೇ ಮುಗಿಯುವುದಿಲ್ಲ.

ತೋಟದ_ಹುಡುಗ
ಸೋಮವಾರ, ರಾತ್ರಿ 11:20

ನೀವೆಲ್ಲ "ಹಿಪ್ಪುನೇರಳೆ ತೋಟದವರು" ಎನ್ನುತ್ತಿದ್ದೀರಲ್ಲ, ಅವರು ನಮ್ಮ ಅಪ್ಪ ಅಮ್ಮ. ನಾನು ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಅರ್ಜಿ ಬರೆದುಕೊಟ್ಟಿದ್ದು ನಾನೇ.

ಬೈಯಲು ಬರೆಯುತ್ತಿಲ್ಲ. ಸುಮ್ನೆ ಆಚೆ ಬೇಲಿಯಿಂದ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ.

ನಿಮ್ಮ ಟ್ರ್ಯಾಕ್ ನಮಗೆ ಪಡುವಣಕ್ಕಿದೆ. ಉಳಿದ ತಿಂಗಳು ಹೇಗೋ ನಡೆಯುತ್ತದೆ. ಆಷಾಢದ ಗಾಳಿ ಶುರುವಾದರೆ ಎದ್ದ ಧೂಳೆಲ್ಲ ಸೊಪ್ಪಿನ ಮೇಲೆ. ರೇಷ್ಮೆ ಹುಳು ದನ ಅಲ್ಲ, ಕೊಡವಿ ಹಾಕಿದರೆ ತಿನ್ನುವುದಿಲ್ಲ. ಧೂಳು ಕೂತ ಸೊಪ್ಪನ್ನು ಮೂಸಿಯೂ ನೋಡುವುದಿಲ್ಲ, ತಿಂದರೆ ರೋಗ. ಸೊಪ್ಪು ತೊಳೆದು ಹಾಕಿ ಎಂದು ನಿಮ್ಮವರೊಬ್ಬರು ಅಮ್ಮನಿಗೆ ಹೇಳಿದರಂತೆ. ಒದ್ದೆ ಸೊಪ್ಪು ಹಾಕಿದರೆ ಹುಳು ಮನೆಯಲ್ಲಿ ತೇವ ಜಾಸ್ತಿಯಾಗಿ ಇನ್ನೊಂದು ರೋಗ.

ಒಂದು ಬೆಳೆ ಹೆಚ್ಚುಕಡಿಮೆ ನಾಲ್ಕು ವಾರ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಒಂದು ವಾರ. ಇಡೀ ಬೆಳೆಯಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ. ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಹೋದ ವರ್ಷ ಸರಿಯಾಗಿ ಆ ವಾರದ ಭಾನುವಾರ ನಿಮ್ಮದೇನೋ ದೊಡ್ಡ ರೈಡ್ ಇತ್ತು. ನೂರಾರು ಜನ. ಬೇಲಿ ಕಡೆಯ ಆರು ಸಾಲಿನ ಸೊಪ್ಪು ಬಿಟ್ಟು, ಹೊರಗಿನಿಂದ ಸೊಪ್ಪು ಕೊಂಡು ಹಾಕಿದೆವು. ಯಾರೂ ಬಂದು ಕೇಳಲಿಲ್ಲ. ಒಬ್ಬರು ಮಾತ್ರ ಬೇಲಿ ಹತ್ತಿರ ಬಂದು ಕುಡಿಯಲು ನೀರು ಕೇಳಿದರು. ಅಮ್ಮ ಕೊಟ್ಟಳು.

ಸದ್ದಿನ ಬಗ್ಗೆ ಅಪ್ಪನಿಗೆ ಅಷ್ಟು ತಕರಾರಿಲ್ಲ. ವಿಮಾನ ತಲೆ ಮೇಲೇ ಹೋಗುತ್ತದೆ. ಸಂಜೆ ಹಾಲು ಕರೆಯುವ ಹೊತ್ತಿಗೆ ಮಾತ್ರ ಸೈಲೆನ್ಸರ್ ಬಿಚ್ಚಿದ ಎರಡು ಬೈಕ್ ಬರುತ್ತವೆ. ಹಸು ಹಾಲು ಇಳಿಸುವುದಿಲ್ಲ.

ಕೊನೆಯದು. ನಿಮ್ಮಲ್ಲಿ ಯಾರೋ "ಟ್ಯಾಂಕರ್ ನೀರು ಹೊಡೆಸಿದರೆ ಆಯ್ತು" ಎಂದು ಗೌಡ್ರಿಗೆ ಹೇಳಿದ್ದಾರೆ. ನಮ್ಮ ಬೋರ್ ಸಾವಿರ ಅಡಿ ದಾಟಿದೆ. ನಮ್ಮ ಗಿಡಕ್ಕೆ ಸಿಗದ ನೀರನ್ನು ಬೇಲಿಯಾಚೆ ಬರೀ ಮಣ್ಣಿಗೆ ಸುರಿಯುವುದನ್ನು ನೋಡಿ ಅಪ್ಪ ಏನೆನ್ನಬೇಕು?

ಮಗಳ_ಪಿಟ್_ಕ್ರೂ
ಸೋಮವಾರ, ರಾತ್ರಿ 11:41

ನೀರು ಕೇಳಿದ್ದು ನಾನೇ. ಮಗಳು ಸುಸ್ತಾಗಿದ್ದಳು. ನಿಮ್ಮ ಅಮ್ಮ ನೀರಿನ ಜೊತೆ ಬೆಲ್ಲವನ್ನೂ ಕೊಟ್ಟರು. ಆ ಆರು ಸಾಲಿನ ಪಕ್ಕದಲ್ಲೇ ನಿಂತು ಕುಡಿದೆವು. ನನಗೆ ಏನೂ ಕಾಣಲಿಲ್ಲ.

ಎಕ್ಸ್‌ಪಲ್ಸ್_ವೀಕೆಂಡ್
ಮಂಗಳವಾರ, ಬೆಳಿಗ್ಗೆ 8:20

ಹೆಬ್ಬಾಳ ನಾಗವಾರ ವ್ಯಾಲಿಯ ಸಂಸ್ಕರಿಸಿದ ನೀರು ಆ ಕಡೆ ಕೆರೆಗಳಿಗೆ ಬರುತ್ತದಲ್ಲ, ಅದನ್ನೇ ಟ್ಯಾಂಕರ್‌ಗೆ ತುಂಬಿಸಿಕೊಂಡರೆ?

ಪಹಣಿ_ಪುರಾಣ
ಮಂಗಳವಾರ, ಬೆಳಿಗ್ಗೆ 8:34

ಅಂತರ್ಜಲ ಏರಲಿ ಎಂದು ಕೆರೆಗೆ ಬಿಡುವ ನೀರು ಅದು. ಮೋಟಾರ್ ಇಟ್ಟು ಎತ್ತುವಂತಿಲ್ಲ. ರೈತರೇ ಎತ್ತುವಂತಿಲ್ಲ, ನಾವು ಎತ್ತಿದರೆ ಊರಿನವರು ಟ್ಯಾಂಕರ್ ಸಮೇತ ಕೂರಿಸುತ್ತಾರೆ.

ಕೆಂಪುಧೂಳು
ಬುಧವಾರ, ರಾತ್ರಿ 10:50

ಗ್ಯಾರೇಜಿಗೆ ಅರ್ಧ ದಿನ ಬಾಗಿಲು ಹಾಕಿ ಇವತ್ತು ಹೋಗಿ ಬಂದೆ. ತೋಟದ ಹುಡುಗನಿಗೆ ಫೋನ್ ಮಾಡಿ, ಅವರ ಅಪ್ಪನಿಗೆ ಹೇಳಿಸಿಯೇ ಹೋದೆ. ಮೊದಲು ಮಾತೇ ಆಡಲಿಲ್ಲ. ಬೇಲಿ ಹತ್ತಿರ ಕರೆದುಕೊಂಡು ಹೋಗಿ ಒಂದು ಎಲೆ ಕಿತ್ತು ನನ್ನ ಅಂಗೈ ಮೇಲಿಟ್ಟು, "ಒರೆಸಿ ಸ್ವಾಮಿ" ಎಂದರು. ಹೆಬ್ಬೆರಳಿನಲ್ಲಿ ಒರೆಸಿದೆ. ನಮ್ಮ ಬೈಕಿನ ಏರ್ ಫಿಲ್ಟರ್ ತೊಳೆದಾಗ ಬರುತ್ತದಲ್ಲ, ಅದೇ ಬಣ್ಣ. ಒಂಬತ್ತು ವರ್ಷದಲ್ಲಿ ಸಾವಿರ ಫಿಲ್ಟರ್ ತೊಳೆದಿದ್ದೇನೆ. ಆ ಧೂಳು ಇನ್ನೆಲ್ಲಿ ಹೋಗಿ ಕೂರುತ್ತದೆ ಎಂದು ಒಂದು ಸಲವೂ ಯೋಚನೆ ಮಾಡಿರಲಿಲ್ಲ.

ಆಮೇಲೆ ಹುಳು ಮನೆ ತೋರಿಸಿದರು. ಚಪ್ಪಲಿ ಹೊರಗೆ, ಕಾಲು ತೊಳೆದು ಒಳಗೆ. ಕತ್ತಲಲ್ಲಿ ಚರಚರ ಸದ್ದು. ಹುಳು ತಿನ್ನುವ ಸದ್ದಂತೆ. ಅಮ್ಮ ಕಾಫಿ ಕೊಟ್ಟರು.

ನಾನು ಗೌಡ್ರ ತಮ್ಮನ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆ. ಹೋಗಿ ನೋಡಿದ ಮೇಲೆ ಅನಿಸಿದ್ದು ಬೇರೆ. ಮುಂದಿನ ಅರ್ಧ ಹೋಗುತ್ತದೆ. ಇವತ್ತಲ್ಲ ನಾಳೆ ಹೋಗುತ್ತದೆ, ನಾವು ತಡೆಯಲಾರೆವು. ಉಳಿದರೆ ಹಿಂದಿನ ಮೂರು ಎಕರೆ ಚಿಲ್ಲರೆ. ಅದಕ್ಕೆ ಅಂಟಿಕೊಂಡೇ ಈ ತೋಟ. ಇವರು ಬೇಡ ಎಂದರೆ ದೊಡ್ಡ ಗೌಡ್ರು ನಮಗಾಗಿ ನೆರೆಯವರ ಜೊತೆ ನಿಷ್ಠುರ ಕಟ್ಟಿಕೊಳ್ಳುವುದಿಲ್ಲ, ಕಟ್ಟಿಕೊಳ್ಳಲೂಬಾರದು.

ಮಾತಾಗಿದ್ದು ಇಷ್ಟು. ನಾಲ್ಕನೇ ಜ್ವರ ಎದ್ದ ದಿನ ಅವರು ನನಗೆ ಫೋನ್ ಮಾಡುತ್ತಾರೆ. ಅವತ್ತಿನಿಂದ ಹುಳು ಗೂಡು ಕಟ್ಟಲು ಚಂದ್ರಿಕೆಗೆ ಹೋಗುವವರೆಗೆ ಗೇಟಿಗೆ ಬೀಗ. ಭಾನುವಾರವಾದರೂ ಸರಿ, ಯಾರ ಹುಟ್ಟುಹಬ್ಬವಾದರೂ ಸರಿ. ತೋಟದ ಕಡೆಯ ಕೊನೆಯ ಬರ್ಮ್, ಅಂದರೆ ತಿರುವಿನ ಮಣ್ಣಿನ ದಿಬ್ಬ, ಬೇಲಿಯಿಂದ ನಲವತ್ತು ಅಡಿ ಒಳಗೆ ಬರಬೇಕು. ಧೂಳು ಜಾಸ್ತಿ ಏಳುವುದೇ ಅಲ್ಲಿ, ಎಲ್ಲರೂ ಥ್ರಾಟಲ್ ಪೂರ್ತಿ ತಿರುಗಿಸುವ ಜಾಗ. ಬಿಟ್ಟ ಜಾಗದಲ್ಲಿ ಅವರೇ ಹೇಳಿದ ಗಿಡ ನೆಡುವುದು. ಟ್ಯಾಂಕರ್ ಬೇಡ. ಮಳೆ ಬಿದ್ದ ಮಾರನೇ ದಿನ ಓಡಿಸುವುದು, ಒಣಗಿದರೆ ನಿಲ್ಲಿಸುವುದು. ಸಂಜೆ ನಾಲ್ಕಕ್ಕೆ ಕೊನೆಯ ಸುತ್ತು.

ಅರ್ಜಿ ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಕೇಳಲಿಲ್ಲ. ಒಂದು ಬೆಳೆ ಆಗಲಿ.

ಎಕ್ಸ್‌ಪಲ್ಸ್_ವೀಕೆಂಡ್
ಬುಧವಾರ, ರಾತ್ರಿ 11:08

ಇಷ್ಟೆಲ್ಲ ಕಟ್ಟುಪಾಡು ಹಾಕಿದರೆ ತಿಂಗಳಿಗೆ ಎರಡು ಭಾನುವಾರ ಸಿಕ್ಕರೆ ಪುಣ್ಯ. ಮೂರು ಎಕರೆಯಲ್ಲಿ ದೊಡ್ಡ ಬೈಕ್ ಏನು ಓಡಿಸುವುದು?

ಆರ್‌ಎಕ್ಸ್_ಗುರು
ಬುಧವಾರ, ರಾತ್ರಿ 11:15

ಹೌದು, 450 ಸಿಸಿ ಬೈಕ್ ಇರುವವರಿಗೆ ಆಗುವುದಿಲ್ಲ. ಮಕ್ಕಳಿಗೆ, ನನ್ನಂಥ ಮುದುಕರಿಗೆ ಸಾಕು. ದೊಡ್ಡ ಬೈಕಿನವರು ಕೋಲಾರದ ಕಡೆ ಬಿಗ್‌ರಾಕ್ ಡರ್ಟ್ ಪಾರ್ಕ್‌ಗೆ ಹೋಗಿ ದುಡ್ಡು ಕೊಟ್ಟು ಕಲಿಯಬಹುದು. ನಿನಗೆ ಡ್ರೋನ್ ಕೊಳ್ಳಲು ದುಡ್ಡಿದೆಯಲ್ಲ.

ತೋಟದ_ಹುಡುಗ
ಗುರುವಾರ, ಬೆಳಿಗ್ಗೆ 6:55

ಅಪ್ಪ ಫೋನ್ ಮಾಡಿದ್ದರು. ಕೆಂಪುಧೂಳು ಅವರು ಹೋದ ಮೇಲೆ ಚಿಕ್ಕ ಗೌಡ್ರು ನಮ್ಮ ಮನೆಗೂ ಬಂದಿದ್ದರಂತೆ. ನಮ್ಮ ತೋಟವನ್ನೂ ಸೇರಿಸಿ ಕೊಟ್ಟರೆ ಲೇಔಟ್‌ನವರು ಎಕರೆಗೆ ಇನ್ನಷ್ಟು ಜಾಸ್ತಿ ಕೊಡುತ್ತಾರಂತೆ. ಅಪ್ಪ ಆಗಲಿ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. "ಈ ಬೆಳೆ ಮುಗೀಲಿ" ಎಂದರಂತೆ. ನಿಮಗೂ ತಿಳಿದಿರಲಿ ಎಂದು ಬರೆದೆ.

ಕೆಂಪುಧೂಳು
ಗುರುವಾರ, ಬೆಳಿಗ್ಗೆ 7:30

ತಿಳಿಸಿದ್ದಕ್ಕೆ ಥ್ಯಾಂಕ್ಸ್ ಕಣಪ್ಪ. ಅಪ್ಪನ ಇಷ್ಟ ಅದು, ನಾವು ಮಧ್ಯೆ ಬಾಯಿ ಹಾಕುವುದಿಲ್ಲ.

ಈ ಭಾನುವಾರ ರೈಡ್ ಇಲ್ಲ, ಕೆಲಸ. ಬರ್ಮ್ ಒಳಗೆ ಸರಿಸಬೇಕು. ಜೆಸಿಬಿ ಕರೆದರೆ ಧೂಳೋ ಧೂಳು, ಕೈಯಲ್ಲೇ ಮಾಡೋಣ. ಆರು ಗಂಟೆಗೆ ಬನ್ನಿ, ಬಿಸಿಲೇರುವ ಮುಂಚೆ ಮುಗಿಸೋಣ. ಟ್ರ್ಯಾಕ್ ಮುಂದಿನ ವರ್ಷ ಇರುತ್ತೋ ಇಲ್ಲವೋ ಎಂದು ಕೇಳುವವರು ಬರುವುದು ಬೇಡ, ನನಗೂ ಗೊತ್ತಿಲ್ಲ. ಬೈಕ್ ಮನೆಯಲ್ಲೇ ಇರಲಿ.

ಆರ್‌ಎಕ್ಸ್_ಗುರು
ಗುರುವಾರ, ಬೆಳಿಗ್ಗೆ 7:42

ನನ್ನ ಹತ್ತಿರ ಸಲಿಕೆ ಎರಡಿದೆ. ಬಾಂಡ್ಲಿ ಬೇಕಾ?

ಕೆಂಪುಧೂಳು
ಗುರುವಾರ, ಬೆಳಿಗ್ಗೆ 7:44

ಬೇಕು. ನಾಲ್ಕು ಸಾಕು.

ಮಗಳ_ಪಿಟ್_ಕ್ರೂ
ಗುರುವಾರ, ಬೆಳಿಗ್ಗೆ 8:05

ತಿಂಡಿ ನನ್ನದು. ಎಷ್ಟು ಜನ ಎಂದು ಶನಿವಾರ ಸಂಜೆಯೊಳಗೆ ಹೇಳಿ. ತೋಟದ ಮನೆಗೂ ಸೇರಿಸಿಯೇ ಲೆಕ್ಕ ಹಾಕುತ್ತೇನೆ.